ಅಕ್ಕರೈ: ಐವರು ಹೇಳಿದ ‘ಇರಲಿ’

“ಈ ಐದು ಜನಾನೂ ನೀವೇನಾ ಅಣ್ಣಾ?”

ಕೇಳಿಯೇಬಿಟ್ಟಳು ಮಂಗೈಯರ್ಕರಸಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸಿನಲ್ಲಿ ಬರುವಾಗ ಇದನ್ನೇ ನಯವಾಗಿ ಹೇಗೆ ಕೇಳುವುದೆಂದು ಹತ್ತು ಬಗೆಯಲ್ಲಿ ಅಭ್ಯಾಸ ಮಾಡಿಕೊಂಡಿದ್ದಳು. ಪುತ್ತೂರು ನಾಲ್ಕು ರಸ್ತೆಯಲ್ಲಿ ಇಳಿದು ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಆ ನಯವೆಲ್ಲ ತಿರುಚ್ಚಿಯ ಬಿಸಿಲಿಗೆ ಆವಿಯಾಗಿತ್ತು.

ತುಷ್ಯಂತನ್ ತಲೆ ಎತ್ತಲಿಲ್ಲ. ಅವರ ಮುಂದೆ ಯಾರದೋ ಮದುವೆ ಕಾರ್ಡಿನ ಕರಡು ಹರಡಿತ್ತು. ವರನ ತಾತನ ಹೆಸರಿನ ಮೇಲೆ ಕೆಂಪು ಪೆನ್ನು ನಿಂತಿತ್ತು.

“ಯಾವ ಐದು ಜನ, ತಂಗಚ್ಚಿ?”

“ಅಕ್ಕರೈ ಪುಟ ಇರಲಿ ಅಂದವರು.”

ಈಗ ಅವರು ಪೆನ್ನನ್ನು ಕೆಳಗಿಟ್ಟರು.

ಹೊರದೇಶದಲ್ಲಿ ಕೆಲಸ ಕೊಡಿಸುತ್ತೇವೆಂಬ ‘ಅಕ್ಕರೈ’, ಅಂದರೆ ಆಚೆ ದಡ, ಎಂಬ ವೆಬ್‌ಸೈಟನ್ನು ನಂಬಿ ವಿಮಾನ ಹತ್ತಿದ ಮುಸಿರಿಯ ನರ್ಸ್ ಸೆಲ್ವರಾಣಿ ಅಂದಿನಿಂದ ಫೋನಿಗೆ ಸಿಕ್ಕಿಲ್ಲ. ಅವಳ ತಾಯಿ ಠಾಣೆಯ ಬಾಗಿಲಲ್ಲಿ ಕೂತಿದ್ದಾಳೆ. ಈಗ ಅದೇ ವೆಬ್‌ಸೈಟು ಕಳಂಜಿಯಂನಲ್ಲಿ ತನಗೊಂದು ಪುಟ ಬೇಕೆಂದು ಹಟ ಹಿಡಿದಿದೆ.

ಕಳಂಜಿಯಂ ಎಂದರೆ ಕಣಜ. ಊರೂರಿನ ತಮಿಳರು ಸಂಬಳವಿಲ್ಲದೆ ಸೇರಿ ಬರೆಯುವ ಜಾಲ ವಿಶ್ವಕೋಶ. ಅಲ್ಲಿ ಯಾರು ಬೇಕಾದರೂ ಪುಟ ಬರೆಯಬಹುದು. ಆದರೆ ಬರೆದದ್ದೆಲ್ಲ ಉಳಿಯುವುದಿಲ್ಲ. ನಿನ್ನೆ ಹುಟ್ಟಿದ ವೆಬ್‌ಸೈಟಿಗೆ ಇವತ್ತು ಪುಟ ಬೇಕೆಂದರೆ, ಅದರ ಬಗ್ಗೆ ಅದಕ್ಕೆ ನಂಟಿಲ್ಲದ ನಾಲ್ಕು ಜನ ಎಲ್ಲಾದರೂ ವಿಚಾರಿಸಿ ಬರೆದಿರಬೇಕು. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡದ್ದು ಲೆಕ್ಕಕ್ಕಿಲ್ಲ. ಅನುಮಾನ ಬಂದರೆ ಒಂದು ವಾರ ಚರ್ಚೆ ನಡೆಯುತ್ತದೆ, ಬಂದವರು ‘ಇರಲಿ’ ಅಥವಾ ‘ಅಳಿಸಿ’ ಎಂದು ಕಾರಣ ಕೊಟ್ಟು ಬರೆಯುತ್ತಾರೆ, ಕೊನೆಗೆ ಒಬ್ಬ ನಿರ್ವಾಹಕರು ತೀರ್ಪು ಬರೆದು ಬಾಗಿಲು ಹಾಕುತ್ತಾರೆ. ಬಾಲಕಿಯರ ಶಾಲೆಯಲ್ಲಿ ತಮಿಳು ಪಾಠ ಮಾಡುವ ಮಂಗೈ ಅಂಥ ನಿರ್ವಾಹಕರಲ್ಲಿ ಒಬ್ಬಳು. ಕಳಂಜಿಯಂಗೆ ಮೊದಲ ಇಟ್ಟಿಗೆ ಇಟ್ಟ ತುಷ್ಯಂತನ್ ಇನ್ನೊಬ್ಬರು. ಅವಳಿಗೆ ಈ ಕೆಲಸ ಕಲಿಸಿದವರೂ ಅವರೇ.

ಅಕ್ಕರೈ ಚರ್ಚೆಯ ವಾರ ಇವತ್ತು ಸಂಜೆಗೆ ಮುಗಿಯುತ್ತದೆ.

ಮುಗಿದು ಪುಟ ಉಳಿದರೆ, ಮಂಗೈಯ ತೀರಿಹೋದ ಅಕ್ಕನ ಮಗಳು ತೇನ್ಮೊಳಿ ಹೊರಡುತ್ತಾಳೆ. ನರ್ಸಿಂಗ್ ಮುಗಿಸಿದ ಹುಡುಗಿ. ಅಸಲು ಸರ್ಟಿಫಿಕೇಟುಗಳನ್ನೂ ಪಾಸ್‌ಪೋರ್ಟನ್ನೂ ಅಕ್ಕರೈ ಕೇಳಿದೆ. ಅವು ಅಪ್ಪನ ಬೀರುವಿನಲ್ಲಿವೆ. ಅಪ್ಪ ತಿರುಮೂರ್ತಿ ಸರ್ಕಾರಿ ಬಸ್ಸಿನ ಡ್ರೈವರು, ಎದುರಿಗೆ ಬರುವ ಯಾವ ಗಾಡಿಯನ್ನೂ ನಂಬದ ಮನುಷ್ಯ. ಮಂಗೈಯನ್ನು ಮಾತ್ರ ನಂಬುತ್ತಾನೆ. “ನಿನ್ನ ಕಳಂಜಿಯಂನಲ್ಲಿ ಅದರ ಹೆಸರು ಉಳಿದ್ರೆ ಬೀರು ಬೀಗ ತೆಗೀತೀನಿ ಮಂಗೈ, ಇಲ್ದಿದ್ರೆ ಇಲ್ಲ” ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದ. ಆ ಹುಡುಗಿಗೆ ಮೂರು ವರ್ಷವಾದಾಗಿನಿಂದ ತಲೆ ಬಾಚಿ ಜಡೆ ಹಾಕಿ ಬೆಳೆಸಿದವಳು ಮಂಗೈ. ಸೆಲ್ವರಾಣಿಯ ತಾಯಿಯನ್ನು ಠಾಣೆಯ ಬಾಗಿಲಲ್ಲಿ ನೋಡಿ ಬಂದ ದಿನದಿಂದ ಅವಳಿಗೆ ಅನ್ನ ಸೇರುತ್ತಿಲ್ಲ.

“ಐದು ಖಾತೆ,” ಎಂದಳು, ಫೋನನ್ನು ಮೇಜಿನ ಮೇಲಿಟ್ಟು. “ಮದುರೈಯ ರಿಟೈರ್ಡ್ ಪ್ರೊಫೆಸರ್ ಸೆಂಬಿಯನ್, ಕೋವೈಯ ಒಬ್ಬಳು ನರ್ಸ್, ಚೆನ್ನೈಯ ವಿದ್ಯಾರ್ಥಿ, ಪೆನಾಂಗಿನ ವ್ಯಾಪಾರಿ, ತಂಜಾವೂರಿನ ಯಾರೋ ಓದುಗ. ಐದೂ ಚರ್ಚೆ ಶುರುವಾದ ಮೇಲೆ ತೆರೆದದ್ದು. ಐದಕ್ಕೂ ಟೊರಾಂಟೋದಲ್ಲಿರೋ ಅಕ್ಕರೈ ಆಫೀಸಿನ ಮೇಲೆ ಒಂದೇ ಥರದ ಪ್ರೀತಿ.”

“ಕೈ ಎತ್ತಿದವರ ತಲೆ ಎಣಿಸಿ ನಾವು ತೀರ್ಪು ಕೊಡಲ್ಲವಲ್ಲ. ಆಧಾರ ನೋಡು.”

“ನೋಡಿದೆ. ಪುಟದಲ್ಲಿ ಒಂದು ದಿನಪತ್ರಿಕೆಯ ವರದಿ ತೋರಿಸಿದಾರೆ. ಬರೆದ ಹುಡುಗನಿಗೆ ಫೋನ್ ಮಾಡಿದ್ರೆ ಏನಂದ ಗೊತ್ತಾ? ‘ಮೇಡಂ, ನಾನು ನಿಮ್ಮ ಕಳಂಜಿಯಂ ನೋಡಿಯೇ ಬರೆದದ್ದು’ ಅಂದ!”

ಅತ್ತೆ ಒಳ್ಳೆಯವಳೆಂಬುದಕ್ಕೆ ಸೊಸೆ ಸಾಕ್ಷಿ, ಸೊಸೆ ಒಳ್ಳೆಯವಳೆಂಬುದಕ್ಕೆ ಅತ್ತೆ ಸಾಕ್ಷಿ. ಬೇರೆ ಹೊತ್ತಿನಲ್ಲಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಇವತ್ತು ಯಾರೂ ನಗಲಿಲ್ಲ.

“ಹಾಗಾದ್ರೆ ಆಧಾರ ಇಲ್ಲ, ಅಳಿಸು. ಮುಗೀತಲ್ಲ. ನನ್ನ ಹತ್ರ ಯಾಕೆ ಬಂದೆ?”

“ಪ್ರೊಫೆಸರ್ ಬರೆದ ಸಾಲನ್ನ ಓದಿ.”

ಅವರು ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿದರು. ‘ನಾನು ಅಕ್ಕರೈ ಸ್ಥಾಪಕರೊಡನೆ ನೇರವಾಗಿ ಕದೈತ್ತೇನ್’ ಎಂದಿತ್ತು ಅಲ್ಲಿ, ಮಾತಾಡಿದೆ ಎನ್ನುವ ಕಡೆ.

ಕದೈ ಎಂದರೆ ಕತೆ. ತಿರುಚ್ಚಿಯಲ್ಲಾಗಲಿ ಮದುರೈಯಲ್ಲಾಗಲಿ ಕದೈ ಎಂಬುದು ಅಜ್ಜಿ ಹೇಳುವುದು, ಸಿನಿಮಾದಲ್ಲಿ ಇರುವುದು, ಹೋಂವರ್ಕ್ ಮಾಡದ ಹುಡುಗಿಯರು ಕಟ್ಟುವುದು. ಇಬ್ಬರು ಕೂತು ಮಾತಾಡುವುದನ್ನು ಇಲ್ಲಿ ಯಾರೂ ‘ಕದೈ’ ಎನ್ನುವುದಿಲ್ಲ. ಹಾಗೆನ್ನುವವರು ಸಮುದ್ರದಾಚೆ ಲಂಕೆಯಲ್ಲಿರುವ ಯಾಳ್ಪಾಣದ ತಮಿಳರು. ಅವರಿಗೆ ಮಾತೆಲ್ಲ ಕತೆಯೇ. ಮದುರೈಯಲ್ಲಿ ಹುಟ್ಟಿ, ಮದುರೈಯಲ್ಲೇ ಪಾಠ ಹೇಳಿ ನಿವೃತ್ತರಾದವರ ಬಾಯಲ್ಲಿ ಆ ಪದ ಬರಬೇಕಾದರೆ ಎಲ್ಲೋ ಹುಳುಕಿದೆ.

ಕಳಂಜಿಯಂನಲ್ಲಿ ಮಂಗೈಗೆ ಗೊತ್ತಿದ್ದ ಯಾಳ್ಪಾಣದವರು ಒಬ್ಬರೇ. ದುಷ್ಯಂತನೆಂಬ ಹೆಸರನ್ನು ತುಷ್ಯಂತನ್ ಎಂದೇ ಬರೆದುಕೊಳ್ಳುವವರು, ಹೌದು ಎನ್ನುವಲ್ಲಿ ‘ಓಂ’ ಎನ್ನುವವರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದೋಣಿ ಹತ್ತಿ ಬಂದು, ನಿರಾಶ್ರಿತರ ಕ್ಯಾಂಪಿನ ತಗಡಿನ ಸೂರಿನ ಕೆಳಗೆ ಅರ್ಧ ಆಯುಷ್ಯ ಕಳೆದು, ಈಗ ಈ ಕಾರ್ಡಿನ ಅಂಗಡಿ ಇಟ್ಟುಕೊಂಡವರು.

ತುಷ್ಯಂತನ್ ಎದ್ದು ಹಿಂದಿನ ಸ್ಟೌ ಹಚ್ಚಿದರು. ಹಾಲು ಹಾಕದ ಟೀ ಎರಡು ಲೋಟಕ್ಕೆ ಬಗ್ಗಿಸಿ, ಪಕ್ಕದಲ್ಲಿ ತಾಳೆಬೆಲ್ಲದ ಎರಡು ಚೂರು ಇಟ್ಟರು. ಬೆಲ್ಲ ಕಚ್ಚಿಕೊಂಡು ಟೀ ಕುಡಿಯುವುದು ಅವರ ಊರಿನ ರೂಢಿ. ಅವಳಿಗೆ ಅದನ್ನು ಎಷ್ಟು ಸಲ ಕಲಿಸಿದರೂ ಅವಳು ಬೆಲ್ಲವನ್ನು ಟೀಗೆ ಹಾಕಿ ಕಲಕಿಯೇ ಕುಡಿಯುತ್ತಿದ್ದಳು. ಇವತ್ತು ಲೋಟವನ್ನು ಮುಟ್ಟಲಿಲ್ಲ.

“ಈ ಊರಲ್ಲಿ ಯಾರದ್ದಾದ್ರೂ ಸೈಕಲ್ ಕಳೆದ್ರೆ ಪೊಲೀಸರು ಮೊದಲು ಎಲ್ಲಿಗೆ ಬರ್ತಾರೆ, ಹೇಳು?” ಎಂದರು ಅವರು.

ಉತ್ತರವನ್ನೂ ಅವರೇ ಕೊಟ್ಟರು.

“ಕ್ಯಾಂಪಿಗೆ. ಮೂವತ್ತು ವರ್ಷದ ಮೇಲಾಯ್ತು, ಇನ್ನೂ ಅಲ್ಲಿಗೇ ಬರ್ತಾರೆ. ಅವರು ಖಾಕಿ ಹಾಕ್ಕೊಂಡು ಬರ್ತಾರೆ, ನೀನು ಸೀರೆ ಉಟ್ಕೊಂಡು ಬಂದೆ. ಅಷ್ಟೇ ವ್ಯತ್ಯಾಸ.”

“ಅಣ್ಣಾ, ನಾನು ಪದ ನೋಡಿ…”

“ಪದ ನೋಡ್ದೆ ಓಂ. ಕಾಗುಣಿತ ನೋಡ್ದ್ಯಾ? ತಮಿಳು ಟೀಚರಮ್ಮ ನೀನು!”

ಫೋನನ್ನು ಅವರೇ ಎತ್ತಿಕೊಂಡರು. ಬೆರಳಿನಿಂದ ಸರಿಸಿ ಒಂದು ಕಡೆ ನಿಲ್ಲಿಸಿ ಅವಳತ್ತ ತಿರುಗಿಸಿದರು. “ಇದು ನಿನ್ನ ಪ್ರೊಫೆಸರ್. ಊರಿನ ಹೆಸರು ಹೇಗೆ ಬರೆದಿದ್ದಾನೆ? ಗಟ್ಟಿಯಾಗಿ ಓದು.”

“ಟೊರಾಂಟೋ.”

“ಇದು ಕೋವೈಯ ನರ್ಸು.”

“ಟೊರಾಂಟೋ.”

“ಇದು ಚೆನ್ನೈಯ ಹುಡುಗ.”

“ಟೊರಾಂಟೋ.”

“ನನ್ನ ಊರಲ್ಲಿ ಅಕ್ಷರ ಕಲಿತವನು ಅದನ್ನ ಹೇಗೆ ಬರೀತಾನೆ?”

ಅವಳ ಮುಖ ಬಿಸಿಯಾಯಿತು. ಯಾಳ್ಪಾಣದ ಶಾಲೆಯಲ್ಲಿ ಕಲಿತವರು ಅದನ್ನು ‘ರೊರೊನ್‌ರೋ’ ಎಂದು ಬರೆಯುತ್ತಾರೆ. ಬರೆಯುವುದು ರಕಾರ, ಓದುವುದು ಟಕಾರ. ಮೊದಮೊದಲು ಕಳಂಜಿಯಂನ ಈಚೆ ದಡದವರೆಲ್ಲ ತುಷ್ಯಂತನ್ ಬರೆದ ಪುಟಗಳನ್ನು ನೋಡಿ, ಇದೇನು ರೋರೋ ಎಂದು ಲೇವಡಿ ಮಾಡಿ ತಿದ್ದುತ್ತಿದ್ದರು. ಅವರು ಮತ್ತೆ ರೊರೊನ್‌ರೋ ಮಾಡುತ್ತಿದ್ದರು. ಆ ಜಗಳ ವರ್ಷಗಟ್ಟಲೆ ನಡೆದು, ಕೊನೆಗೆ ಎರಡೂ ಸರಿ ಎಂದು ತೀರ್ಪು ಬರೆದವಳು ಇದೇ ಮಂಗೈ. ಅವರ ಬರಹ ಓದಿ ಓದಿ ಅವಳ ಕಣ್ಣಿಗೆ ಈಗ ಆ ಎರಡರ ವ್ಯತ್ಯಾಸ ಕಾಣುವುದೇ ಬಿಟ್ಟುಹೋಗಿತ್ತು.

“ಇದನ್ನ ಬರೆದವರು ನಮ್ಮ ಪದಾನ ಕಿವಿಯಿಂದ ಹಿಡಿದವರು, ತಂಗಚ್ಚಿ. ಅಕ್ಷರ ಕಲಿತದ್ದು ನಿಮ್ಮ ಶಾಲೇಲೇ. ಯಾರಿಗೆ ಗೊತ್ತು, ನಿನ್ನ ಕ್ಲಾಸಲ್ಲೇ ಕಲಿತಿರಬಹುದು.”

ಅವಳಿಗೆ ಎದ್ದು ಅವರ ಕಾಲು ಹಿಡಿಯಬೇಕೆನ್ನಿಸಿತು. ನಾಚಿಕೆ ಎಷ್ಟಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಅಪ್ಪನಿಲ್ಲದ ತನ್ನನ್ನು ತಂಗಿ ಎಂದು ಕರೆದು, ಒಂದೊಂದು ಒತ್ತಕ್ಷರವನ್ನೂ ತಿದ್ದಿ ಬೆಳೆಸಿದ ಮನುಷ್ಯನನ್ನು ಒಂದು ಪದ ಹಿಡಿದುಕೊಂಡು ಕಳ್ಳನೆಂದಳಲ್ಲ!

“ತಪ್ಪಾಯ್ತು ಅಣ್ಣಾ.”

“ಬಿಡು.” ಅವರು ಬೆಲ್ಲವನ್ನು ಕಟುಂ ಎಂದು ಕಚ್ಚಿದರು. ಆಮೇಲೆ ದನಿ ಬದಲಾಯಿಸಿ ಕೇಳಿದರು. “ಆದ್ರೆ ಒಂದು ಹೇಳು. ನಿನ್ನ ಅಕ್ಕನ ಮಗಳು ಅಕ್ಕರೈಗೆ ಅರ್ಜಿ ಹಾಕಿದಾಳೆ ಅಂತ ಚರ್ಚೇಲಿ ಎಲ್ಲಾದ್ರೂ ಬರೆದಿದೀಯಾ?”

ಅವಳು ಬರೆದಿರಲಿಲ್ಲ. ತನ್ನ ಮನೆಯವರಿಗೆ ಸಂಬಂಧಪಟ್ಟ ಪುಟದ ತೀರ್ಪನ್ನು ತಾನೇ ಬರೆಯಬಾರದು. ಅದು ಕಳಂಜಿಯಂನ ಮೊದಲ ನಿಯಮ.

“ಬೇಲಿಯೇ ಎದ್ದು ಹೊಲ ಮೇದ ಹಾಗೆ ಆಗತ್ತೆ,” ಎಂದರು ತುಷ್ಯಂತನ್. “ನಾಳೆ ಆ ಅಕ್ಕರೈಯವರು ‘ಹೊಟ್ಟೆಕಿಚ್ಚಿನ ಚಿಕ್ಕಮ್ಮ ಅಳಿಸಿದಳು’ ಅಂತ ಊರೆಲ್ಲ ಸಾರ್ತಾರೆ. ನೀನು ಕೈ ಹಾಕ್ಬೇಡ. ತೀರ್ಪು ನಾನು ಬರೀತೀನಿ, ಸಂಜೆ.”

“ಅಳಿಸ್ತೀರಲ್ಲ?”

“ನೋಡ್ತೀನಿ. ಮನೆಗೆ ಹೋಗಿ ಒಂದು ತುತ್ತು ಉಣ್ಣು. ಮುಖ ನೋಡ್ಕೋ, ಒಣಗಿದ ಕರಿಬೇವು ಆಗಿದೆ.”

ಅವಳು ತಲೆ ತಗ್ಗಿಸಿ ಹೊರಗೆ ಬಂದಳು. ಮೆಟ್ಟಿಲ ಪಕ್ಕದಲ್ಲಿ ಅವರ ಹಳೆಯ ಮೊಪೆಡ್ಡು ಬಿಸಿಲಿಗೆ ನಿಂತಿತ್ತು.

*

ಉರೈಯೂರಿನ ಬಸ್ಸು ಬೇಗ ಬರಲಿಲ್ಲ. ಮಂಗೈ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಮಜ್ಜಿಗೆ ಕೊಂಡು ಕುಡಿದಳು. ಪಕ್ಕದಲ್ಲಿದ್ದ ಹೂವಿನ ಮುದುಕಿ ಮಲ್ಲಿಗೆ ಕಟ್ಟುತ್ತ ತನ್ನ ಸೊಸೆಯ ಆಲಸ್ಯವನ್ನು ಯಾರೂ ಕೇಳದಿದ್ದರೂ ಬಯ್ಯುತ್ತಿದ್ದಳು. ಗಂಟಲು ತಣ್ಣಗಾಯಿತು, ತಲೆಯೂ ಸ್ವಲ್ಪ ತಣ್ಣಗಾಯಿತು.

ಆಗ ಆ ಪ್ರಶ್ನೆ ಎದ್ದು ಕೂತಿತು.

ತೇನ್ಮೊಳಿ ಅರ್ಜಿ ಹಾಕಿದ್ದು ಅಣ್ಣನಿಗೆ ಹೇಗೆ ಗೊತ್ತು?

ಅವಳು ಹೇಳಿರಲಿಲ್ಲ. ಖಂಡಿತ ಹೇಳಿರಲಿಲ್ಲ. ನಾಚಿಕೆಯಿಂದಲೇ ಮುಚ್ಚಿಟ್ಟುಕೊಂಡಿದ್ದ ವಿಷಯ ಅದು. ಅಕ್ಕನ ಗಂಡ ತಿರುಮೂರ್ತಿ ಮಾಮನಿಗೂ ಅಣ್ಣನಿಗೂ ಒಂದು ನಮಸ್ಕಾರದ ಪರಿಚಯ ಮಾತ್ರ, ಅದೂ ಅಕ್ಕನ ತಿಥಿಯ ದಿನ. ತೇನ್ಮೊಳಿ ಅಪ್ಪನಿಗೂ ತನ್ನ ಚಿತ್ತಿ, ಅಂದರೆ ಚಿಕ್ಕಮ್ಮ, ಮಂಗೈಗೂ ಬಿಟ್ಟು ಮೂರನೆಯವರಿಗೆ ಬಾಯಿ ಬಿಟ್ಟಿಲ್ಲವೆಂದು ಆಣೆ ಇಟ್ಟಿದ್ದಳು.

ಇಲ್ಲ, ಇಲ್ಲ. ಇನ್ನೂ ಈಗ ತಾನೆ ಒಂದು ಸಲ ಸುಟ್ಟುಕೊಂಡಿದ್ದೀಯ, ಮತ್ತೆ ಅದೇ ಒಲೆಗೆ ಕೈ ಹಾಕಬೇಡ ಎಂದು ತನಗೆ ತಾನೇ ಗದರಿಕೊಂಡಳು. ಯಾರೋ ಹೇಳಿರಬಹುದು. ಊರು ಚಿಕ್ಕದು, ಬಾಯಿ ದೊಡ್ಡದು.

ಆದರೆ ‘ಅಳಿಸ್ತೀರಲ್ಲ’ ಎಂದು ಕೇಳಿದಾಗ ಅವರು ‘ಓಂ’ ಎನ್ನಲಿಲ್ಲ. ‘ನೋಡ್ತೀನಿ’ ಎಂದರು.

ಆಧಾರ ಇಲ್ಲದಿದ್ದರೆ ನೋಡುವುದೇನಿದೆ? ಅದನ್ನು ಅವಳಿಗೆ ಕಲಿಸಿದವರೇ ಅವರು.

ಬಸ್ಸು ಬಂತು. ಅವಳು ಹತ್ತಲಿಲ್ಲ. ಕಂಡಕ್ಟರು “ಬರ್ತೀರಾ ಇಲ್ಲ ಬಸ್ಸಿಗೆ ದೃಷ್ಟಿ ತೆಗೀತೀರಾ ಅಮ್ಮಾ?” ಎಂದು ಕೂಗಿ ಸೀಟಿ ಊದಿದ. ಅವಳು ಫೋನಿನಲ್ಲಿ ಚರ್ಚೆಯ ಕೊನೆಗೆ ಹೋಗಿ ಬರೆಯತೊಡಗಿದಳು.

‘ಈ ವೆಬ್‌ಸೈಟಿನ ಬಗ್ಗೆ ಅದಕ್ಕೆ ಸಂಬಂಧವಿಲ್ಲದವರು ಬರೆದ ಆಧಾರ ಒಂದೂ ಸಿಕ್ಕಿಲ್ಲ. ತೋರಿಸಿದ ವರದಿ ನಮ್ಮ ಪುಟವನ್ನೇ ನೋಡಿ ಬರೆದದ್ದು. ತೀರ್ಪು: ಅಳಿಸಿ. ನನ್ನ ಅಕ್ಕನ ಮಗಳು ಈ ವೆಬ್‌ಸೈಟಿನ ಅರ್ಜಿದಾರಳು. ಆದ್ದರಿಂದ ಈ ತೀರ್ಪು ಬರೆಯುವ ಹಕ್ಕು ನನಗಿಲ್ಲ. ಆದರೂ ಬರೆದಿದ್ದೇನೆ. ಬೇಕಾದವರು ಇದನ್ನು ಪ್ರಶ್ನಿಸಲಿ, ನನ್ನ ಹುದ್ದೆ ಕಿತ್ತುಕೊಳ್ಳಲಿ.’

ಒತ್ತಿದಳು. ಅಕ್ಕರೈ ಪುಟ ಕಣಜದಿಂದ ಮಾಯವಾಯಿತು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಯಿತು. ಮಾಮನ ಮನೆಗೆ ಹೋಗಿ, ಪುಟ ಇಲ್ಲ, ಬೀರು ತೆಗೆಯಬೇಡಿ ಎಂದು ಹೇಳಿ, ಅಲ್ಲೇ ಎರಡು ತುತ್ತು ಸಾರನ್ನ ಉಂಡರಾಯಿತು. ತೇನ್ಮೊಳಿ ಅಳುತ್ತಾಳೆ, ಅಳಲಿ. ಎದುರಿಗಿದ್ದು ಅಳುವ ಮಗಳು ಮೇಲು.

*

ಬಾಗಿಲು ತೆರೆದವಳು ತೇನ್ಮೊಳಿಯೇ. ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಒಂದು ಲೋಟ. ಕಣ್ಣು ಹೊಳೆಯುತ್ತಿತ್ತು.

“ಅಯ್ಯೋ, ಬಾ ಚಿತ್ತಿ! ನಿಂಗೆ ನೂರು ವರ್ಷ ಆಯಸ್ಸು. ಈಗಷ್ಟೇ ಅಪ್ಪನ ಹತ್ರ ಎಲ್ಲಾ ಕದೈಚ್ಚಾಯ್ತು. ಅಪ್ಪ ಒಪ್ಪಿದ್ರು.”

ಮಂಗೈಯ ಒಂದು ಕಾಲು ಹೊಸಿಲ ಒಳಗೆ, ಒಂದು ಹೊರಗೆ ಉಳಿಯಿತು.

“ಏನಂದೆ?”

“ಅಪ್ಪ ಒಪ್ಪಿದ್ರು ಅಂದೆ.”

“ಅದಕ್ಕೆ ಮುಂಚೆ. ಅಪ್ಪನ ಹತ್ರ ಏನು ಮಾಡ್ದೆ?”

“ಕದೈ…” ಹುಡುಗಿ ನಕ್ಕಳು. “ಓ, ಅದಾ? ಅಕ್ಕರೈಯವರು ಫೋನಲ್ಲಿ ಇಂಗ್ಲಿಷ್ ಕ್ಲಾಸ್ ಮಾಡ್ತಾರಲ್ಲ, ಆ ಸರ್ ಹಂಗೇ ಅನ್ನೋದು. ‘ಕದೈಯಮ್ಮಾ, ಬಾಯ್ಬಿಟ್ಟು ಕದೈ’ ಅಂತ. ಕೇಳಿ ಕೇಳಿ ನನ್ನ ಬಾಯಿಗೂ ಅಂಟಿಕೊಂಡಿದೆ.”

ಕಿವಿಯಿಂದ ಹಿಡಿದವರು. ಅಕ್ಷರ ಕಲಿತದ್ದು ನಿಮ್ಮ ಶಾಲೆಯಲ್ಲೇ, ನಿನ್ನ ಕ್ಲಾಸಲ್ಲೇ ಇರಬಹುದು. ಹೌದು, ಈ ಹುಡುಗಿಗೆ ಅ ಆ ತಿದ್ದಿಸಿದ ಕೈ ಯಾವುದು?

“ಮದುರೈ ಪ್ರೊಫೆಸರ್ ನೀನೇ ಏನೇ?”

ನಗು ಆರಿಹೋಯಿತು. ತೇನ್ಮೊಳಿ ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

“ಬೈಬೇಡ ಚಿತ್ತಿ. ಎಷ್ಟು ವರ್ಷ ಅಂತ ಆ ಆಸ್ಪತ್ರೇಲಿ ಬೆಡ್‌ಪ್ಯಾನ್ ತೊಳೀಲಿ? ನಿನ್ನ ಕಳಂಜಿಯಂ ಒಂದೇ ಅಡ್ಡ ಇತ್ತು. ಸುಳ್ಳು ಹೆಸರಲ್ಲಿ ಬರೆದದ್ದು ತಪ್ಪು, ಗೊತ್ತು. ನಿಂಗೆ ಹೇಳೋ ಧೈರ್ಯ ಬರ್ಲಿಲ್ಲ.”

“ಐದು ಹೆಸರು! ಐದು ಮುಖವಾಡ ಹಾಕ್ಕೊಂಡು ನಂಗೇ ಟೋಪಿ ಹಾಕಿದ್ಯಲ್ಲೇ!”

“ಐದಾ?” ಹುಡುಗಿ ಹುಬ್ಬು ಗಂಟಿಕ್ಕಿದಳು. “ನಾನು ಬರೆದದ್ದು ಮೂರು ಚಿತ್ತಿ. ಪ್ರೊಫೆಸರ್, ನರ್ಸು, ಕಾಲೇಜು ಹುಡುಗ. ಅಮ್ಮನಾಣೆ ಮೂರೇ.”

ಮೂರು.

ಅಂಗಡಿಯಲ್ಲಿ ತುಷ್ಯಂತನ್ ಬೆರಳಿಟ್ಟು ತೋರಿಸಿದ್ದೂ ಮೂರೇ. ಓದು ಎಂದದ್ದು ಮೂರೇ. ಉಳಿದ ಎರಡರ ಹತ್ತಿರ ಅವರು ಹೋಗಲೇ ಇಲ್ಲ, ಅವಳೂ ಕೇಳಲಿಲ್ಲ.

ಮಂಗೈ ಹೊಸಿಲ ಮೇಲೆ ನಿಂತೇ ಫೋನು ತೆರೆದಳು. ಪುಟ ಹೋಗಿದ್ದರೂ ಚರ್ಚೆ ಹಾಗೇ ಇತ್ತು. ಪೆನಾಂಗಿನ ವ್ಯಾಪಾರಿ: ‘ರೊರೊನ್‌ರೋ ನಗರದಲ್ಲಿ ಇವರ ಕಚೇರಿಯನ್ನು ನಾನೇ ಕಂಡಿದ್ದೇನೆ.’ ತಂಜಾವೂರಿನ ಓದುಗ: ‘ರೊರೊನ್‌ರೋದಿಂದ ನಡೆಯುವ ಈ ಸೇವೆ…’

ಎಷ್ಟು ಸಲ ಓದಿದ್ದಳು ಇವನ್ನು! ಆ ರಕಾರಗಳಿಗೆ ಅವಳ ಕಣ್ಣು ಎಷ್ಟು ಒಗ್ಗಿಹೋಗಿತ್ತೆಂದರೆ, ಒಮ್ಮೆಯೂ ಎಡವಿರಲಿಲ್ಲ.

“ಪುಟ ಅಳಿಸಿಬಿಟ್ಟೆ ನಾನು,” ಎಂದಳು ಮೆಲ್ಲಗೆ. “ಮಾಮ ಹೇಗೆ ಒಪ್ಪಿದ್ರು?”

“ಪುಟ ಯಾಕೆ ಚಿತ್ತಿ ಇನ್ನು?” ತೇನ್ಮೊಳಿ ಮತ್ತೆ ನಗಲು ನೋಡಿದಳು. “ಕಳಂಜಿಯಂ ಕಟ್ಟಿದವರೇ ಮನೆಗೆ ಬಂದ್ರೆ ಅಪ್ಪ ಇಲ್ಲ ಅಂತಾರಾ? ಬೀರು ಬೀಗ ತೆಗೆದೂ ಆಯ್ತು.”

ಆಗ ಮಂಗೈ ಆ ಲೋಟವನ್ನು ನೋಡಿದಳು. ಈ ಮನೆಯಲ್ಲಿ ತಲೆತಲಾಂತರದಿಂದ ಕಾಫಿ. ಹಾಲಿಲ್ಲದ ಟೀಯನ್ನು ಮಾಮ ಜ್ವರ ಬಂದರೂ ಮುಟ್ಟಿದವನಲ್ಲ. ಲೋಟದಲ್ಲಿ ಕೆಂಪು ಟೀ ಇತ್ತು. ಪಕ್ಕದಲ್ಲಿ ತಾಳೆಬೆಲ್ಲದ ಒಂದು ಚೂರು.

ಒಳಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಮಾಮ ಏನೋ ಅಂದ. ಅದಕ್ಕೆ ಉತ್ತರವಾಗಿ ಬಂದದ್ದು ಸ್ವಲ್ಪ ಹೊತ್ತಿಗೆ ಮುಂಚೆ ಅವಳನ್ನು ಊಟ ಮಾಡೆಂದು ಕಳುಹಿಸಿದ ದನಿಯೇ.

“ತಂಗಚ್ಚಿ ಬಂದಳೋ? ಒಳಗೆ ಬಾ. ಹುಡುಗಿಯ ಸರ್ಟಿಫಿಕೇಟು, ಪಾಸ್‌ಪೋರ್ಟು ಎಲ್ಲಾ ನನ್ನ ಕೈಗೆ ಬಂದಿದೆ. ನೀನಿನ್ನು ಹೆದರ್ಬೇಡ.”